ರಫ್ತಿನ ವಿಶೇಷಾಧಿಕಾರದ ನಿರಾಕರಣೆ

ಅಮೆರಿಕ ಸಂಯುಕ್ತ ಸಂಸ್ಥಾನಗಳ ರಫ್ತು ನಿಯಮಾವಳಿಯಲ್ಲಿ ವಾಚಕರ ಗಮನಕ್ಕೆ ಬರತಕ್ಕ ಮಾತೊಂದಿದೆ. ಸರಕನ್ನು ಹೊರದೇಶಕ್ಕೆ ಕಳುಹಿಸುವುದನ್ನು ಅದು ‘ಹಕ್ಕು’ ಎನ್ನದೆ ‘ವಿಶೇಷಾಧಿಕಾರ’ ಎನ್ನುತ್ತದೆ. ಹಕ್ಕನ್ನು ಕಸಿಯಬೇಕಾದರೆ ದೀರ್ಘ ವಿಚಾರಣೆ ಬೇಕು; ವಿಶೇಷಾಧಿಕಾರವನ್ನು ಹಿಂದೆಗೆದುಕೊಳ್ಳಲು ಅಷ್ಟು ಬೇಕಾಗುವುದಿಲ್ಲ. ಇಲ್ಲಿ ವಿವರಿಸುವ ಕ್ರಮವೆಲ್ಲ ಈ ಭೇದವನ್ನೇ ಆಶ್ರಯಿಸಿದೆ.

2018ರ ರಫ್ತು ನಿಯಂತ್ರಣ ಸುಧಾರಣಾ ಶಾಸನದ ಪ್ರಕಾರ, ಆ ಶಾಸನವನ್ನಾಗಲಿ, ಆಯುಧಗಳ ರಫ್ತನ್ನು ಕುರಿತ ಶಾಸನವನ್ನಾಗಲಿ, 1977ರ ಅಂತರರಾಷ್ಟ್ರೀಯ ತುರ್ತು ಆರ್ಥಿಕ ಅಧಿಕಾರಗಳ ಶಾಸನವನ್ನಾಗಲಿ ಉಲ್ಲಂಘಿಸಿದನೆಂದು ನ್ಯಾಯಾಲಯದಲ್ಲಿ ಸಿದ್ಧಪಟ್ಟವನಿಗೆ, ಅಪರಾಧ ನಿರ್ಣಯವಾದ ದಿನದಿಂದ 10 ವರ್ಷಗಳವರೆಗೆ ವಾಣಿಜ್ಯ ಇಲಾಖೆಯು ಈ ಅಧಿಕಾರವನ್ನು ನಿರಾಕರಿಸಬಹುದು. ಗೂಢಚರ್ಯೆ, ಕಳ್ಳಸಾಗಣೆ ಮೊದಲಾದ ಅಪರಾಧಗಳೂ ಈ ಪಟ್ಟಿಯಲ್ಲಿ ಸೇರಿವೆ. ಲೆಕ್ಕ ಆರಂಭವಾಗುವುದು ಬಿಡುಗಡೆಯ ದಿನದಿಂದಲ್ಲವಾದುದರಿಂದ ಅವಧಿಯ ಒಂದು ಭಾಗ ಸೆರೆಮನೆಯಲ್ಲಿಯೇ ಕಳೆಯುವುದುಂಟು. ಅಪರಾಧಿಗೆ ನೋಟೀಸು ಬರುತ್ತದೆ. ಅವನು ಲಿಖಿತ ಉತ್ತರ ಕೊಡಬಹುದು, ಮೇಲ್ಮನವಿಯನ್ನೂ ಸಲ್ಲಿಸಬಹುದು. ಆದರೆ ಹೊಸದಾಗಿ ಸಾಕ್ಷ್ಯ ವಿಚಾರಣೆ ನಡೆಯುವುದಿಲ್ಲ.

ಆಜ್ಞೆಯ ನಿಜವಾದ ಬಲವಿರುವುದು ಅದು ಇತರರಿಗೆ ವಿಧಿಸುವ ನಿಷೇಧದಲ್ಲಿ. ಅಪರಾಧಿಯು ಪರವಾನಗಿಯನ್ನು ಕೇಳಕೂಡದು, ರಫ್ತಾಗತಕ್ಕ ಸರಕನ್ನು ಕೊಳ್ಳಕೂಡದು, ಸಾಗಿಸಕೂಡದು ಎಂಬುದು ಒಂದು ಭಾಗ. ಬೇರೆ ಯಾರೂ ಆ ನಿಯಮಾವಳಿಗೆ ಒಳಪಟ್ಟ ಸರಕನ್ನು ಅವನಿಗೆ ಅಥವಾ ಅವನ ಪರವಾಗಿ ರಫ್ತು ಮಾಡಕೂಡದು ಎಂಬುದು ಇನ್ನೊಂದು. ನಿಷೇಧಿತರ ಹೆಸರುಗಳ ಪಟ್ಟಿ ಬಹಿರಂಗವಾಗಿಯೇ ಇರುತ್ತದೆ. ಒಡೆತನ ಅಥವಾ ಹತೋಟಿಯ ಮೂಲಕ ಅವನೊಡನೆ ಸಂಬಂಧವುಳ್ಳ ಸಂಸ್ಥೆಗಳಿಗೂ ಆಜ್ಞೆಯನ್ನು ವಿಸ್ತರಿಸಬಹುದು. ಸರಕು ಅಮೆರಿಕದ್ದಾದರೆ, ಅದು ಮೂರನೆಯ ದೇಶದಲ್ಲಿದ್ದರೂ ನಿಷೇಧ ಅದನ್ನು ಹಿಂಬಾಲಿಸುತ್ತದೆ.

ಈ ಬಲವು ಎಂತಹುದೆಂಬುದು ಚೀನದ ಷೆನ್‌ಜೆನ್ ನಗರದ ಜ಼ೆಡ್‌ಟಿಇ ಎಂಬ ದೂರಸಂಪರ್ಕ ಸಂಸ್ಥೆಯ ಪ್ರಕರಣದಲ್ಲಿ ಗೋಚರವಾಯಿತು. ಅಮೆರಿಕದ ಬಿಡಿಭಾಗಗಳನ್ನುಳ್ಳ ಉಪಕರಣಗಳನ್ನು ಇರಾನಿಗೆ ಕಳುಹಿಸಿದುದಕ್ಕಾಗಿ ಅದು 2017ರ ಮಾರ್ಚಿಯಲ್ಲಿ ಟೆಕ್ಸಾಸಿನ ಫೆಡರಲ್ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಅಲ್ಲಿಯ ನಿರಾಕರಣೆ ಮೇಲೆ ಹೇಳಿದ ವಿಧಿಯಿಂದ ಬಂದುದಲ್ಲ, ರಾಜಿಯ ಕರಾರಿನಿಂದ ಬಂದುದು. 7 ವರ್ಷಗಳ ಆಜ್ಞೆಯನ್ನು ಅಮಾನತಿನಲ್ಲಿಡಲಾಗಿತ್ತು. ಒಟ್ಟು 119 ಕೋಟಿ ಡಾಲರುಗಳ ದಂಡದಲ್ಲಿ 30 ಕೋಟಿಯೂ ಹಾಗೆಯೇ ಅಮಾನತಿನಲ್ಲಿತ್ತು. ಉಳಿದುದನ್ನು ತೆತ್ತು ಸಂಸ್ಥೆ ವ್ಯಾಪಾರವನ್ನು ಮುಂದುವರಿಸಿತು. ತಪ್ಪಿತಸ್ಥ ನೌಕರರ ಮೇಲೆ ಶಿಸ್ತಿನ ಕ್ರಮ ಕೈಗೊಂಡುದಾಗಿ ಅದು ಸುಳ್ಳು ಹೇಳಿದ್ದಿತೆಂದು ತಿಳಿದಮೇಲೆ, 2018ರ ಏಪ್ರಿಲಿನಲ್ಲಿ ಆಜ್ಞೆ ಜಾರಿಗೆ ಬಂದಿತು. ಅಮೆರಿಕದ ಚಿಪ್ಪುಗಳು ದೊರೆಯದೆ ಒಂದು ತಿಂಗಳು ತುಂಬುವ ಮೊದಲೇ ತನ್ನ ಮುಖ್ಯ ಕಾರ್ಯಗಳು ನಿಂತುಹೋದುವೆಂದು ಸಂಸ್ಥೆ ಪ್ರಕಟಿಸಬೇಕಾಯಿತು. ಕೋಟ್ಯಂತರ ಡಾಲರು ದಂಡ ಮಾಡಲಾರದುದನ್ನು ಪೂರೈಕೆಯ ತಡೆ ಮಾಡಿತು. ಇನ್ನೂ 100 ಕೋಟಿ ಡಾಲರು ದಂಡ ತೆತ್ತು, 40 ಕೋಟಿಯನ್ನು ಠೇವಣಿಯಾಗಿಟ್ಟು, ಆಡಳಿತ ಮಂಡಲಿಯನ್ನು ಬದಲಾಯಿಸಿದಮೇಲೆ ಜುಲೈಯಲ್ಲಿ ನಿಷೇಧ ತೆರವಾಯಿತು.

ಇಲ್ಲಿ ನ್ಯಾಯದ ಪ್ರಶ್ನೆಯೊಂದು ಉಳಿಯುತ್ತದೆ. ಸುಳ್ಳು ಹೇಳಿದವರು ಕೆಲವರು. ಕೆಲಸ ನಿಂತುಹೋದುದು ಆ ಸಂಸ್ಥೆಯ ಸಹಸ್ರಾರು ನೌಕರರಿಗೆ. ಅದಕ್ಕೆ ಚಿಪ್ಪು ಮಾರುತ್ತಿದ್ದ ಅಮೆರಿಕದ ವರ್ತಕರೂ ಗಿರಾಕಿಯನ್ನು ಕಳೆದುಕೊಂಡರು. ಇದು ದಂಡನೆಯಲ್ಲ, ಮುನ್ನೆಚ್ಚರಿಕೆ ಎಂಬ ಸಮರ್ಥನೆ ಒಬ್ಬ ವ್ಯಕ್ತಿಯ ವಿಷಯದಲ್ಲಿ ಒಪ್ಪತಕ್ಕದ್ದೇ. ದೊಡ್ಡ ಸಂಸ್ಥೆಯ ವಿಷಯದಲ್ಲಿ ಅಷ್ಟು ಸುಲಭವಾಗಿ ಒಪ್ಪತಕ್ಕದ್ದಲ್ಲ.