ಕಾರಿನ ಗಾಜು ಮತ್ತು ಮಕ್ಕಳ ಕೊರಳು



ಅಡಿಕೆ, ರಬ್ಬರು ಬೆಳೆದು ನಮ್ಮ ಹಲವು ಕುಟುಂಬಗಳು ಇಂದು ಕಾರು ಕೊಂಡಿವೆ. ಈಗಿನ ಕಾರುಗಳ ಕಿಟಕಿಗೆ ತಿರುಗಿಸುವ ಹಿಡಿಯ ಬದಲು ಹೆಚ್ಚಾಗಿ ಸ್ವಿಚ್ಚು ಇರುತ್ತದೆ. ಇದು ಅನುಕೂಲ ನಿಜ. ಆದರೆ ಮಕ್ಕಳಿಗೆ ಅಪಾಯವೂ ಹೌದು.

ಬಾಗಿಲಿನೊಳಗಿನ ಚಿಕ್ಕ ಮೋಟಾರು ಹಲ್ಲುಚಕ್ರಗಳ ಮೂಲಕ ಗಾಜನ್ನು ಎತ್ತುತ್ತದೆ. ಹಲ್ಲುಚಕ್ರ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವುದರಿಂದ, ಮಗುವಿನ ಕೊರಳನ್ನು ಅದುಮಿ ಉಸಿರು ಕಟ್ಟಿಸುವಷ್ಟು ಶಕ್ತಿ ಅದಕ್ಕಿದೆ.

ಹಳೆಯ ಮಾದರಿಯ ಕೆಲವು ಸ್ವಿಚ್ಚುಗಳನ್ನು ಒತ್ತಿದರೆ ಗಾಜು ಏರುತ್ತದೆ. ತಲೆ ಹೊರಗೆ ಹಾಕಿದ ಮಗುವಿನ ಮೊಣಕಾಲು ಅದರ ಮೇಲೆ ಊರಿದರೂ ಸಾಕು. ಆದುದರಿಂದಲೇ ಅಮೆರಿಕದಲ್ಲಿ, ಮೇಲಕ್ಕೆ ಎಳೆದರೆ ಮಾತ್ರ ಗಾಜು ಮುಚ್ಚುವ ಸ್ವಿಚ್ಚು ಇರಬೇಕೆಂದು 2006ರಲ್ಲಿ ನಿಯಮ ಮಾಡಲಾಯಿತು. ತಡೆ ಸಿಕ್ಕಿದರೆ ತಾನಾಗಿ ಇಳಿಯುವ ಗಾಜು ಕೆಲವು ಕಾರುಗಳಲ್ಲಿದೆ. ಆದರೆ ಹಲವು ಕಾರುಗಳಲ್ಲಿ ಅದು ಚಾಲಕನ ಕಿಟಕಿಗೆ ಮಾತ್ರ.

ಆದುದರಿಂದ:

1. ಮಕ್ಕಳಿರುವಾಗ ಚಾಲಕನ ಕೈಗೆಟಕುವಲ್ಲಿರುವ ಕಿಟಕಿ ಲಾಕ್ ಗುಂಡಿಯನ್ನು ಒತ್ತಿರಿ. ಆಗ ಹಿಂದಿನ ಸ್ವಿಚ್ಚುಗಳು ಕೆಲಸ ಮಾಡುವುದಿಲ್ಲ.

2. ಗಾಜು ಏರಿಸುವ ಮೊದಲು ಹಿಂದಕ್ಕೆ ತಿರುಗಿ ನೋಡಿರಿ. ಮಕ್ಕಳಿಗೆ ಹೇಳಿಯೇ ಏರಿಸಿರಿ.

3. ಅಡಿಕೆ ಗೋಣಿ ಇಳಿಸಲು ಐದೇ ನಿಮಿಷ ಹೋಗುವುದಾದರೂ ಮಕ್ಕಳನ್ನು ಕಾರಿನಲ್ಲಿ ಬಿಡಬೇಡಿರಿ. ಕೀಲಿಕೈಯನ್ನು ಜೊತೆಗೇ ಒಯ್ಯಿರಿ.

4. ಮಗು ಸಿಕ್ಕಿಕೊಂಡರೆ ಎಳೆಯಬಾರದು; ಕೂಡಲೇ ಸ್ವಿಚ್ಚಿನಿಂದ ಗಾಜು ಇಳಿಸಬೇಕು.

ಆ ಲಾಕ್ ಗುಂಡಿ ಎಲ್ಲಿದೆಯೆಂದು ಕಾರು ನಡೆಸುವ ಮನೆಮಂದಿಗೆಲ್ಲ ಇಂದೇ ತೋರಿಸಿಕೊಡಿರಿ.