ಬಸುರಿಯ ಹೊಟ್ಟೆ ಕಟ್ಟುವುದೇಕೆ?

ವಾಂತಿ, ಬಯಕೆ, ಸೊಂಟನೋವು ಇವನ್ನೆಲ್ಲ ಬಸುರಿ ಮನೆಯವರ ಮುಂದೆ ಹೇಳಿಕೊಳ್ಳುತ್ತಾಳೆ. ಮೂರು ದಿನದಿಂದ ಹೊಟ್ಟೆ ಕಟ್ಟಿದೆ ಎನ್ನುವುದನ್ನು ಮಾತ್ರ ಬಾಯಿಬಿಡುವುದಿಲ್ಲ. ಬಿಟ್ಟರೂ ‘ನೀರೇ ಕುಡಿಯಲ್ಲ, ಕೂತಲ್ಲೇ ಕೂರ್ತೀಯ’ ಎಂಬ ಬೈಗುಳ ಸಿದ್ಧ. ಅಸಲಿಗೆ ಇದರಲ್ಲಿ ದೊಡ್ಡ ಪಾಲು ಪ್ರೊಜೆಸ್ಟೆರಾನ್ ಎಂಬ ಹಾರ್ಮೋನಿನದು.

ಗರ್ಭ ನಿಂತ ಮೊದಲ ವಾರಗಳಲ್ಲಿ ಅಂಡಾಶಯ, ಆಮೇಲೆ ಮಾಸು ಈ ಹಾರ್ಮೋನನ್ನು ಧಾರಾಳವಾಗಿ ಸುರಿಸುತ್ತವೆ. ದಿನ ತುಂಬುವ ಮೊದಲೇ ಗರ್ಭಕೋಶ ಬಿಗಿದುಕೊಳ್ಳದಂತೆ ಅದರ ಸ್ನಾಯುವನ್ನು ಸಡಿಲವಾಗಿಡುವುದು ಇದರ ಮುಖ್ಯ ಕೆಲಸ. ಕರುಳಿನ ಗೋಡೆಯಲ್ಲಿರುವುದೂ ಅದೇ ಜಾತಿಯ ಸ್ನಾಯು. ಹಾಗಾಗಿ ಅದೂ ಸಡಿಲಗೊಳ್ಳುತ್ತದೆ. ಉಂಡದ್ದು ನಿಧಾನವಾಗಿ ಸಾಗುತ್ತದೆ. ದೊಡ್ಡ ಕರುಳಿನಲ್ಲಿ ಹೆಚ್ಚು ಹೊತ್ತು ನಿಂತಷ್ಟೂ ಅದರ ನೀರನ್ನು ಕರುಳು ಹೀರಿಕೊಳ್ಳುತ್ತದೆ, ಮಲ ಗಟ್ಟಿಯಾಗುತ್ತದೆ. ಕೊನೆಯ ತಿಂಗಳುಗಳಲ್ಲಿ ಬೆಳೆದ ಗರ್ಭಕೋಶದ ಒತ್ತಡವೂ ಸೇರುತ್ತದೆ. ಗುದದ್ವಾರದ ರಕ್ತನಾಳಗಳು ಊದಿಕೊಂಡಿರುವ ಹೊತ್ತಿನಲ್ಲಿ ತಿಣುಕಿದರೆ ಮೂಲವ್ಯಾಧಿಗೆ ದಾರಿ.

ನಾಲ್ಕನೇ ತಿಂಗಳಿಂದ ಆಶಾ ಕಾರ್ಯಕರ್ತೆ ಕೆಂಪು ಮಾತ್ರೆ ತಂದುಕೊಡುತ್ತಾರೆ. ದಿನಕ್ಕೊಂದರಂತೆ ಕನಿಷ್ಠ 180 ದಿನ ನುಂಗಬೇಕು. ಒಂದೊಂದರಲ್ಲೂ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಈ ಕಬ್ಬಿಣದಲ್ಲಿ ರಕ್ತಕ್ಕೆ ಸೇರುವುದು ಸ್ವಲ್ಪ ಭಾಗ ಮಾತ್ರ. ಉಳಿದದ್ದು ಕರುಳಿನಲ್ಲಿ ಮುಂದೆ ಸಾಗಿ ಮಲವನ್ನು ಕಪ್ಪಾಗಿಸುತ್ತದೆ, ಅನೇಕರಿಗೆ ಹೊಟ್ಟೆಯನ್ನೂ ಕಟ್ಟಿಸುತ್ತದೆ. ಕಪ್ಪು ಬಣ್ಣ ಕಂಡು ಗಾಬರಿಯಾಗಿ ಮಾತ್ರೆಯನ್ನು ಮೂಲೆಗೆಸೆಯುವವರಿದ್ದಾರೆ. ಎಡವುವುದು ಇಲ್ಲೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇದೆ. ಹೆರಿಗೆಯಲ್ಲಿ ರಕ್ತ ಹೋದಾಗ ತಡೆದುಕೊಳ್ಳುವ ಶಕ್ತಿ ಬರಬೇಕಾದದ್ದು ಈ ಮಾತ್ರೆಯಿಂದಲೇ. ಒಗ್ಗದಿದ್ದರೆ ವೈದ್ಯರು ಬೇರೆ ಬಗೆಯ ಕಬ್ಬಿಣ ಬರೆದುಕೊಡಬಲ್ಲರು. ಕ್ಯಾಲ್ಸಿಯಂ ಮಾತ್ರೆಯನ್ನು ಇದರ ಜೊತೆಗೇ ನುಂಗಬಾರದು. ಕಬ್ಬಿಣ ಮೈಗೆ ಹತ್ತದಂತೆ ಅದು ಅಡ್ಡಗಾಲು ಹಾಕುತ್ತದೆ.

ನಮ್ಮ ಅಡುಗೆಮನೆಯಲ್ಲೇ ಅರ್ಧ ಉಪಾಯವಿದೆ. ದಿನಕ್ಕೆ 25ರಿಂದ 30 ಗ್ರಾಂ ನಾರಿನಂಶ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರು ಗ್ರಾಂ ಕೂಡ ಇಲ್ಲ. ಮಧ್ಯಾಹ್ನ ಮುದ್ದೆಗೆ ಸೊಪ್ಪಿನ ಸಾರು, ಸಂಜೆ ಹೆಸರುಕಾಳಿನ ಉಸ್ಲಿ, ನಡುವೆ ಒಂದು ಸೀಬೆಹಣ್ಣು ಇದ್ದರೆ ಲೆಕ್ಕ ಹತ್ತಿರ ಬರುತ್ತದೆ. ನಾರು ನೀರನ್ನು ಹಿಡಿದಿಟ್ಟುಕೊಂಡೇ ಮಲವನ್ನು ಮೆದುಮಾಡುವುದು. ನೀರು ಕುಡಿಯದೆ ನಾರನ್ನಷ್ಟೇ ಹೆಚ್ಚಿಸಿದರೆ ಹೊಟ್ಟೆ ಇನ್ನಷ್ಟು ಬಿಗಿಯುತ್ತದೆ. ತಿಂಡಿ ತಿಂದ ಮೇಲೆ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ. ಆ ವೇಳೆಯನ್ನು ಕೆಲಸದ ಗಡಿಬಿಡಿಯಲ್ಲಿ ಕಳೆದುಕೊಳ್ಳಬಾರದು. ಕಮೋಡ್ ಬಳಸುವವರು ಪಾದದಡಿ ಗಿಡ್ಡ ಸ್ಟೂಲ್ ಇಟ್ಟುಕೊಂಡರೆ ಮೊಣಕಾಲು ಮೇಲೆದ್ದು ಮಲ ಹೊರಬರುವ ದಾರಿ ನೇರವಾಗುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಇಸಬ್‌ಗೋಲ್, ಲ್ಯಾಕ್ಟುಲೋಸ್ ಸಿರಪ್ ಇವೆ. ಎರಡೂ ಕರುಳಿನಲ್ಲೇ ಕೆಲಸ ಮುಗಿಸುತ್ತವೆ, ರಕ್ತಕ್ಕೆ ಸೇರುವುದು ಇಲ್ಲವೆನ್ನುವಷ್ಟು ಕಡಿಮೆ. ಆದರೂ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಹರಳೆಣ್ಣೆ ಮಾತ್ರ ಬೇಡವೇ ಬೇಡ. ಅದರಲ್ಲಿನ ರಿಸಿನೋಲಿಕ್ ಆಮ್ಲ ಕರುಳನ್ನು ಕೆರಳಿಸುವ ಹಾಗೆಯೇ ಗರ್ಭಕೋಶವನ್ನೂ ಕೆರಳಿಸುತ್ತದೆ. ಪ್ರೊಜೆಸ್ಟೆರಾನ್ ಇಷ್ಟು ದಿನ ತಡೆದು ನಿಲ್ಲಿಸಿದ್ದ ನೋವನ್ನೇ ಎಬ್ಬಿಸಿಬಿಡಬಹುದು.

ಮಲದಲ್ಲಿ ರಕ್ತ ಕಂಡರೆ, ಹೊಟ್ಟೆನೋವು ಬಿಡದಿದ್ದರೆ, ವಾಂತಿಯಾಗಿ ಗಾಳಿಯೂ ಹೋಗದಿದ್ದರೆ ಮನೆಮದ್ದು ಬದಿಗಿಟ್ಟು ಆಸ್ಪತ್ರೆಗೆ ಹೋಗಬೇಕು. ಮಿಕ್ಕವರು ಮುಂದಿನ ತಪಾಸಣೆಯಲ್ಲಿ ಬಿ.ಪಿ., ತೂಕದ ಜೊತೆ ಇದನ್ನೂ ಬಾಯಿಬಿಟ್ಟು ಹೇಳಿದರೆ ಸಾಕು, ಪರಿಹಾರ ಕಷ್ಟದ್ದಲ್ಲ.