ಬೂಷ್ಟು ಹಿಡಿದ ಮೇವೂ ಹಾಲಿನ ಗುಣವೂ

ಹಾಲಿಗೆ ನೀರು ಬೆರಸುವುದು ಬಹು ಹಳೆಯ ದೋಷ. ಇದನ್ನು ಕಂಡುಹಿಡಿಯುವುದಕ್ಕಾಗಿ ಗ್ರಾಮಗಳ ಹಾಲು ಉತ್ಪಾದಕರ ಸಂಘಗಳಲ್ಲಿ ಲ್ಯಾಕ್ಟೋಮೀಟರನ್ನೂ, ಜಿಡ್ಡನ್ನು ಅಳೆಯುವ ಯಂತ್ರವನ್ನೂ ಇಟ್ಟಿರುತ್ತಾರೆ. ಹಸುವಿನ ಹಾಲಿನಲ್ಲಿ ನೂರಕ್ಕೆ ೩.೨ರಷ್ಟು ಜಿಡ್ಡೂ, ೮.೩ರಷ್ಟು ಜಿಡ್ಡಲ್ಲದ ಘನಪದಾರ್ಥಗಳೂ ಇರತಕ್ಕದ್ದೆಂದು ನಿಯಮವಿರುವುದು. ಆದರೆ ಈ ಉಪಕರಣಗಳಾವುವೂ ತೋರಿಸಲಾರದ ಮತ್ತೊಂದು ದೋಷವುಂಟು. ಹಾಲು ಗಟ್ಟಿಯಾಗಿಯೂ ರುಚಿಯಾಗಿಯೂ ಇದ್ದು, ಅದನ್ನು ಕರೆದವನು ಒಂದು ತೊಟ್ಟು ನೀರನ್ನೂ ಬೆರಸದ ಪ್ರಾಮಾಣಿಕನಾಗಿದ್ದರೂ, ಅದರಲ್ಲಿ ವಿಷವಿರಬಹುದು. ಈ ವಿಷವು ಪಾತ್ರೆಯಿಂದ ಬರುವುದಲ್ಲ. ರಾಸಿನ ಬಾಯಿಯ ಮೂಲಕ ಬರುವುದು. ಆದಕಾರಣ ಗ್ರಾಮದ ಮುಖಂಡರೂ ಜಮೀನುದಾರರೂ ಈ ವಿಷಯವನ್ನು ಚೆನ್ನಾಗಿ ತಿಳಿದುಕೊಳ್ಳುವುದು ಅವಶ್ಯಕ.

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದವರು ೨೦೧೮ನೆಯ ಇಸವಿಯಲ್ಲಿ ದೇಶದ ೧,೧೦೩ ಪಟ್ಟಣಗಳಿಂದ ೬,೪೩೨ ಹಾಲಿನ ಮಾದರಿಗಳನ್ನು ತರಿಸಿ ಪರೀಕ್ಷಿಸಿ, ೨೦೧೯ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಆರೋಗ್ಯಕ್ಕೆ ಹಾನಿಕರವಾದ ಬೆರಕೆಯು ಕೇವಲ ೧೨ ಮಾದರಿಗಳಲ್ಲಿ ಕಂಡುಬಂದಿತು. ಆದರೆ ೩೬೮ ಮಾದರಿಗಳಲ್ಲಿ, ಅಂದರೆ ನೂರಕ್ಕೆ ೫.೭ರಷ್ಟರಲ್ಲಿ, ಅಫ್ಲಾಟಾಕ್ಸಿನ್ ಎಂಬ ವಿಷವು ಮಿತಿಯನ್ನು ಮೀರಿದ್ದಿತು. ಮೋಸದಿಂದ ಕೆಟ್ಟ ಹಾಲಿಗಿಂತಲೂ ಅಜಾಗರೂಕತೆಯಿಂದ ಕೆಟ್ಟ ಹಾಲೇ ಹೆಚ್ಚಾಗಿದ್ದಿತೆಂಬುದು ಇದರಿಂದ ವ್ಯಕ್ತವಾಗುವುದು.

ಈ ವಿಷವನ್ನುಂಟುಮಾಡುವುದು ಕಾಳು, ಹಿಂಡಿ, ಬೂಸಾ ಮುಂತಾದುವುಗಳ ಮೇಲೆ ತೇವದಲ್ಲಿ ಬೆಳೆಯುವ ಹಳದಿಮಿಶ್ರಿತ ಹಸುರು ಬಣ್ಣದ ಒಂದು ಬಗೆಯ ಬೂಷ್ಟು. ೧೯೬೦ನೆಯ ಇಸವಿಯಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮೀರಿ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತುವು. ವಿದ್ವಾಂಸರು ಶೋಧಿಸಲಾಗಿ, ಅವುಗಳ ಆಹಾರದಲ್ಲಿ ಸೇರಿದ್ದ, ಬ್ರೆಜಿಲ್ ದೇಶದಿಂದ ತರಿಸಿದ ಕಡಲೆಕಾಯಿ ಹಿಂಡಿಯೇ ಈ ಸಾವಿಗೆ ಕಾರಣವೆಂದು ತಿಳಿದುಬಂದಿತು. ಅಂದಿನಿಂದಲೇ ಈ ವಿಷದ ಪರಿಚಯವು ಲೋಕಕ್ಕಾದದ್ದು.

ನಮ್ಮ ದೇಶವೂ ಇದರ ಕಷ್ಟವನ್ನು ಅನುಭವಿಸಿದೆ. ೧೯೭೪ನೆಯ ಇಸವಿಯಲ್ಲಿ ಗುಜರಾತಿನ ಪಂಚಮಹಲ್ ಮತ್ತು ರಾಜಸ್ಥಾನದ ಬಾಂಸ್ವಾಡಾ ಜಿಲ್ಲೆಗಳಲ್ಲಿ, ಅಕಾಲದ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮುಸುಕಿನ ಜೋಳವನ್ನು ಬಡ ಜನರು ಬೇರೆ ಗತಿಯಿಲ್ಲದೆ ತಿಂದರು. ೩೯೭ ಮಂದಿ ಕಾಮಾಲೆಯಿಂದ ನರಳಿದರು; ಅವರಲ್ಲಿ ೧೦೬ ಮಂದಿ ಮೃತರಾದರು. ಹಾಲಿನಲ್ಲಿ ಸೇರುವ ವಿಷವು ಇಷ್ಟು ತೀವ್ರವಾದುದಲ್ಲ. ಕುಡಿದವನು ಅಂದೇ ಮಲಗುವುದಿಲ್ಲ. ಆದರೆ ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಸೇರುತ್ತ ಬಂದರೆ, ಪಿತ್ತಜನಕಾಂಗವೆಂದು ಹೇಳುವ ಲಿವರಿಗೆ ಕೇಡುಂಟಾಗಿ, ಅರ್ಬುದ ರೋಗಕ್ಕೆ ದಾರಿಯಾಗಬಹುದೆಂದು ವೈದ್ಯರು ನಿರ್ಧರಿಸಿರುತ್ತಾರೆ. ಹಾಲನ್ನು ಹೆಚ್ಚಾಗಿ ಕುಡಿಯುವವರು ಮಕ್ಕಳು. ೨೦೧೩ನೆಯ ಇಸವಿಯಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಿಂದ ಹಾಲು ಶಾಲೆಯ ಮಕ್ಕಳ ಲೋಟಕ್ಕೂ ತಲಪಿತು. ಹೀಗಿರಲು ಕೊಟ್ಟಿಗೆಯಲ್ಲಾಗುವ ಅಲಕ್ಷ್ಯವನ್ನು ಸಣ್ಣದೆಂದು ಭಾವಿಸಲಾಗದು.

ಹಸು ತಿಂದ ವಿಷದಲ್ಲಿ ನೂರಕ್ಕೆ ಸುಮಾರು ಒಂದೆರಡು ಪಾಲು ಹಾಲಿನಲ್ಲಿ ಇಳಿಯುವುದು. ಹೆಚ್ಚು ಹಾಲು ಕರೆಯುವ ರಾಸುಗಳಲ್ಲಿ ಇದಕ್ಕಿಂತಲೂ ಅಧಿಕವಾಗಬಹುದು. ಹಾಲಿನಲ್ಲಿ ಕಿಲೋಗ್ರಾಂ ಒಂದಕ್ಕೆ ಅರ್ಧ ಮೈಕ್ರೋಗ್ರಾಂ ಮಿತಿಯೆಂದು ಕಾನೂನು ಹೇಳುವುದು. ಮೈಕ್ರೋಗ್ರಾಂ ಎಂದರೆ ಒಂದು ಗ್ರಾಂನ ಹತ್ತು ಲಕ್ಷ ಭಾಗಗಳಲ್ಲಿ ಒಂದು ಭಾಗ. ಪಶು ಆಹಾರದಲ್ಲಿ ಕಿಲೋ ಒಂದಕ್ಕೆ ೨೦ ಮೈಕ್ರೋಗ್ರಾಂ ಮೀರಕೂಡದೆಂದು ಭಾರತೀಯ ಮಾನಕ ಸಂಸ್ಥೆಯ ನಿಯಮ. ಉದಾಹರಣೆಗೆ, ದಿನಕ್ಕೆ ಎಂಟು ಲೀಟರು ಕರೆಯುವ ಹಸುವಿಗೆ ನಾಲ್ಕು ಕಿಲೋ ತಿಂಡಿ ಕೊಡುವುದಾಗಿ ಭಾವಿಸೋಣ. ತಿಂಡಿಯು ನಿಯಮಕ್ಕೊಳಪಟ್ಟಿದ್ದು ವಿಷದ ಎರಡು ಪಾಲು ಹಾಲಿಗೆ ಇಳಿದರೆ, ಲೀಟರಿಗೆ ಬರುವುದು ೦.೨ ಮೈಕ್ರೋಗ್ರಾಂ ಮಾತ್ರ. ಬೂಷ್ಟಿನಿಂದ ತಿಂಡಿಯ ವಿಷವು ೬೦ಕ್ಕೆ ಏರಿದರೆ, ಹಾಲಿನಲ್ಲಿ ೦.೬ ಆಗಿ, ಕಾನೂನಿನ ಮಿತಿಯನ್ನು ದಾಟುವುದು.

ಹಾಲನ್ನು ಕಾಯಿಸಿದರೆ ಈ ದೋಷ ಹೋಗುವುದೆಂದು ಅನೇಕರು ನಂಬಿರುತ್ತಾರೆ. ಕಾಯಿಸುವುದರಿಂದ ರೋಗಾಣುಗಳು ಸಾಯುವುವೇ ಹೊರತು ಈ ವಿಷವು ನಾಶವಾಗುವುದಿಲ್ಲ. ಡೈರಿಯಲ್ಲಿ ಮಾಡುವ ಪಾಶ್ಚರೀಕರಣದಿಂದಲೂ ಅದು ಹೋಗದು. ಹಾಲನ್ನು ಒಡೆಯಿಸಿ ಪನೀರು ಮಾಡಿದರೆ ವಿಷವು ಗಿಣ್ಣಿನಂತಹ ಗಟ್ಟಿ ಭಾಗದೊಡನೆ ಸೇರಿಕೊಂಡು, ತೂಕಕ್ಕೆ ತೂಕ ನೋಡಿದಲ್ಲಿ ಹಾಲಿಗಿಂತಲೂ ಹೆಚ್ಚಾಗುವುದು. ಬೆಣ್ಣೆ ತುಪ್ಪಗಳಿಗೆ ಮಾತ್ರ ಅಲ್ಪವಾಗಿ ಬರುವುದು.

ಇನ್ನು ಬೂಷ್ಟು ಹುಟ್ಟುವ ಬಗೆಯನ್ನು ನೋಡೋಣ. ಚಿತ್ರದುರ್ಗ, ತುಮಕೂರು ಮುಂತಾದ ಸೀಮೆಗಳಲ್ಲಿ ಕಾಯಿ ಬಲಿಯುವ ಕಾಲಕ್ಕೆ ಮಳೆ ಕೈಕೊಟ್ಟರೆ, ಕಡಲೆಕಾಯಿಗೆ ನೆಲದಲ್ಲಿಯೇ ಈ ಬೂಷ್ಟು ತಗಲುವುದುಂಟು; ಕಿತ್ತಮೇಲೆ ಹಿಂಗಾರಿಗೆ ಸಿಕ್ಕಿ ನೆನೆದರೆ ಅದು ಇಮ್ಮಡಿಸುವುದು. ದಾವಣಗೆರೆ, ಹಾವೇರಿ ಕಡೆಗಳ ಮುಸುಕಿನ ಜೋಳಕ್ಕೂ ಒಕ್ಕಣೆಯ ಕಾಲದ ತೇವದಿಂದ ಇದೇ ಅಪಾಯವಿರುವುದು. ಒಳ್ಳೆಯ ಕಾಯಿಯನ್ನು ಆರಿಸಿ ಮಾರಿ, ಮುರುಟಿದ, ಕಪ್ಪಾದ ಕಾಳನ್ನು ಎಣ್ಣೆಯ ಗಿರಣಿಗೆ ಕೊಡುವ ಪದ್ಧತಿಯುಂಟು. ಎಣ್ಣೆಯನ್ನು ತೆಗೆದಮೇಲೆ ವಿಷದ ಬಹುಭಾಗವು ಹಿಂಡಿಯಲ್ಲಿಯೇ ನಿಲ್ಲುವುದು. ತನ್ನ ಹೊಲದಿಂದ ಹೊರಗೆ ಹೋದ ಕೇಡು ಹಿಂಡಿಯ ರೂಪದಲ್ಲಿ ರೈತನ ಕೊಟ್ಟಿಗೆಗೇ ಹಿಂದಿರುಗುವುದು. ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ರಾಗಿಯು ತಾಳುವ ಧಾನ್ಯ. ಅದೇ ಭರವಸೆಯಿಂದ ಹಿಂಡಿಯನ್ನೂ ಜೋಳವನ್ನೂ ಬಹುಕಾಲ ಕೂಡಿಡುವುದು ಸರಿಯಲ್ಲ.

ಆದಕಾರಣ ಈ ಕೆಳಗಿನ ಕ್ರಮಗಳನ್ನು ಅನುಸರಿಸತಕ್ಕದ್ದು:

೧. ಕಡಲೆಕಾಯಿಯನ್ನು ಕಿತ್ತ ಕೂಡಲೇ ಒಣಗಿಸಬೇಕು. ಕಾಯಿಯನ್ನು ಅಲುಗಿಸಿದರೆ ಒಳಗಿನ ಬೀಜವು ಸದ್ದು ಮಾಡುವವರೆಗೂ ಚೀಲಕ್ಕೆ ತುಂಬಕೂಡದು.

೨. ಮುಸುಕಿನ ಜೋಳದ ತೇವವನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಣಗಿದ ಗಾಜಿನ ಸೀಸೆಯಲ್ಲಿ ಮೂರನೆಯ ಒಂದು ಭಾಗದಷ್ಟು ಕಾಳನ್ನೂ, ಚೆನ್ನಾಗಿ ಒಣಗಿಸಿದ ಎರಡು ಮೂರು ಚಮಚ ಪುಡಿಯುಪ್ಪನ್ನೂ ಹಾಕಿ, ಮುಚ್ಚಿ, ಒಂದು ನಿಮಿಷ ಕುಲುಕಬೇಕು. ಸ್ವಲ್ಪ ಹೊತ್ತಿನ ಮೇಲೆ ಉಪ್ಪು ಸೀಸೆಯ ಗೋಡೆಗೆ ಅಂಟಿಕೊಂಡಿದ್ದರೆ, ಕಾಳಿನಲ್ಲಿ ನೂರಕ್ಕೆ ೧೫ಕ್ಕಿಂತ ಹೆಚ್ಚು ತೇವವಿದೆಯೆಂದು ತಿಳಿದು, ಇನ್ನೂ ಒಣಗಿಸಬೇಕು.

೩. ಹಿಂಡಿ, ಬೂಸಾ ಚೀಲಗಳನ್ನು ನೆಲದ ಮೇಲಿಡದೆ, ಗೋಡೆಗೂ ತಾಗಿಸದೆ, ಹಲಗೆಗಳ ಮೇಲೆ ಇಡಬೇಕು. ಮಳೆಗಾಲದಲ್ಲಿ ಕೆಲವು ವಾರಗಳಿಗೆ ಬೇಕಾದಷ್ಟನ್ನು ಮಾತ್ರ ಕೊಂಡು, ಮೊದಲು ತಂದುದನ್ನು ಮೊದಲು ಮುಗಿಸಬೇಕು.

೪. ಬೂಷ್ಟು ಹಿಡಿದುದನ್ನು ಬಿಸಿಲಿಗೆ ಹರವಿ ಕೊಡಹಿ ಹಾಕುವ ರೂಢಿಯನ್ನು ಬಿಡಬೇಕು. ಬೂಷ್ಟು ಉದುರಿದರೂ ವಿಷ ಉಳಿಯುವುದು. ಅಂತಹುದನ್ನು ಒಳ್ಳೆಯದರೊಡನೆ ಬೆರಸಕೂಡದು, ಕರೆಯುವ ರಾಸಿಗಾಗಲಿ, ಕರುವಿಗಾಗಲಿ, ಕೋಳಿಗಾಗಲಿ ಕೊಡಕೂಡದು, ಹೂತುಬಿಡಬೇಕು.

ಇದರಲ್ಲಿ ಸಮಾಧಾನದ ಸಂಗತಿಯೂ ಒಂದುಂಟು. ಕೆಟ್ಟ ತಿಂಡಿಯನ್ನು ತಿಂದ ಒಂದು ದಿನದೊಳಗೆ ವಿಷವು ಹಾಲಿನಲ್ಲಿ ಕಾಣಿಸಿಕೊಳ್ಳುವಂತೆಯೇ, ಆ ತಿಂಡಿಯನ್ನು ನಿಲ್ಲಿಸಿದ ಮೂರು ನಾಲ್ಕು ದಿನಗಳಲ್ಲಿ ಬಹುಮಟ್ಟಿಗೆ ಇಳಿದುಹೋಗುವುದು. ರಾಸನ್ನು ಮಾರಬೇಕಾಗಿಲ್ಲ, ದೊಡ್ಡ ಖರ್ಚೂ ಇಲ್ಲ. ಒಂದು ಮೂಟೆ ಹಿಂಡಿಯನ್ನು ಬಿಡುವ ಮನಸ್ಸಿದ್ದರೆ ಸಾಕು.

ಆದರೆ ಆ ಒಂದು ಮೂಟೆಯ ಬೆಲೆಯೂ ಬಡವನಿಗೆ ಭಾರವೇ. ಒಂದು ಹಸುವಿನಿಂದ ಸಂಸಾರ ನಡೆಸುವ ವಿಧವೆಗೆ ಹಿಂಡಿಯನ್ನು ಎಸೆಯೆಂದು ಹೇಳುವುದು ಸುಲಭ, ಎಸೆಯುವುದು ಕಷ್ಟ. ಆಕೆಯ ಹಾಲೂ ಊರಿನ ದೊಡ್ಡ ಜಮೀನುದಾರನ ಹಾಲೂ ಸಂಘದ ಒಂದೇ ಕ್ಯಾನಿನಲ್ಲಿ ಕೂಡುವುದರಿಂದ, ಒಂದು ಮನೆಯ ದೋಷವು ಊರಿಗೆಲ್ಲಾ ಬರುವುದು. ಒಣ ಕಣವನ್ನೂ ಸೋರದ ಉಗ್ರಾಣವನ್ನೂ ಉಳ್ಳವರು ಸುಗ್ಗಿಯಲ್ಲಿ ನೆರೆಯವರಿಗೂ ಅವನ್ನು ಬಿಟ್ಟುಕೊಟ್ಟು, ಸಂಘದ ಸಭೆಯಲ್ಲಿ ಈ ವಿಷಯವನ್ನು ಪ್ರಸ್ತಾಪಿಸಿ, ಸಂಶಯವಾದ ಹಿಂಡಿಯನ್ನು ಪ್ರಯೋಗಶಾಲೆಗೆ ಕಳುಹಿಸಿ ಪರೀಕ್ಷೆಮಾಡಿಸುವುದಾದರೆ, ಊರಿನ ಹಾಲಿಗೆ ಹೆಸರೂ ಮಕ್ಕಳಿಗೆ ಕ್ಷೇಮವೂ ಉಂಟಾಗುವುವು. ಈ ವರ್ಷದ ಸುಗ್ಗಿಯ ಕಣದಲ್ಲಿಯೇ ಈ ಕಾರ್ಯಕ್ಕೆ ಮೊದಲಾಗಲೆಂದು ಕೋರುತ್ತೇವೆ.